ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸಿದಿರಾ? ಬ್ರೇಕ್ ಸರಿ ಇಲ್ಲ ಅನ್ನಿಸಿದರೆ ಎಲ್ಲಿಂದ ಹುಡುಕಬೇಕು

ಮಾರುತಿ 800, ಆಲ್ಟೊ, ಝೆನ್, ಸ್ಯಾಂಟ್ರೊ. ಕೊಡಗಿನ ತೋಟದ ಮನೆಗಳ ಶೆಡ್‌ಗಳಲ್ಲಿ ಇವತ್ತಿಗೂ ಇಂಥ ಹಳೆಯ ಕಾರು ಕಾಣಸಿಗುತ್ತದೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಈಚೆಗೆ ಬೇರೆ ಕಾರಿನ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ), ಡಿಸ್ಕ್ ತಂದು, ಲೇತ್‌ನಲ್ಲಿ ಬ್ರಾಕೆಟ್ ಮಾಡಿಸಿ, ಹಿಂದೆಯೂ ಡಿಸ್ಕ್ ಕೂರಿಸುವವರು ಜಾಸ್ತಿಯಾಗಿದ್ದಾರೆ. ಕೆಲಸ ಮುಗಿದ ವಾರದಲ್ಲೇ ದೂರು ಶುರುವಾಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ, ಚಕ್ರ ಕಾಯುತ್ತದೆ.

ಆಗ ಎಲ್ಲರೂ ಹೊಸದಾಗಿ ಹಾಕಿದ ಡಿಸ್ಕನ್ನೇ ಅನುಮಾನದಿಂದ ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಬದಲಾಯಿಸದೆ ಬಿಟ್ಟದ್ದನ್ನು. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಲೈನಿಗೆ ಆಯಿಲ್ ತಳ್ಳುವ ಭಾಗ), ಹಿಂದಿನ ಲೈನಿನ ಪ್ರೆಶರ್ ವಾಲ್ವ್, ಹ್ಯಾಂಡ್ ಬ್ರೇಕ್ ಕೇಬಲ್ ಮೂರೂ ಡ್ರಮ್‌ಗೆಂದೇ ಲೆಕ್ಕ ಹಾಕಿ ಮಾಡಿದವು. ಡಿಸ್ಕ್ ಬಂತು ಅಂತ ಅವಕ್ಕೆ ಗೊತ್ತಿರುವುದಿಲ್ಲ ಅಲ್ವಾ?

ಸ್ಪ್ಯಾನರ್ ಹಿಡಿಯುವ ಮೊದಲು ಒಂದೆರಡು ಮಾತು. ಹಿಂದಿನ ಬ್ರೇಕ್ ನೋಡುವಾಗ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಅಥವಾ ಮರದ ಗುಟ್ಟ ಕೊಡಿ, ಗೇರಿನಲ್ಲಿ ಇಡಿ. ನಮ್ಮ ಅಂಗಳಗಳು ಒಂದೋ ಇಳಿಜಾರು, ಇಲ್ಲ ಮಳೆಗೆ ನೆಂದ ಮೆತ್ತನೆ ಮಣ್ಣು. ಜಾಕಿಯ ಕೆಳಗೆ ದಪ್ಪ ಹಲಗೆ ಇರಲಿ. ಜಾಕಿಯೊಂದನ್ನೇ ನಂಬಿ ಕೈ, ತಲೆ ಒಳಗೆ ಹಾಕಬೇಡಿ, ಸ್ಟ್ಯಾಂಡ್ ಬೇಕೇ ಬೇಕು. ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ತುಂಬ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಹಳೆಯ ಲೈನರಿನ ದೂಳನ್ನು ಏರ್ ಹಿಡಿದು ಊದಲೇಬಾರದು. ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಇನ್ನೂ ಡಿಸ್ಕ್ ಹಾಕಿಸಿಲ್ಲ, ಘಾಟಿಯಲ್ಲಿ ಬ್ರೇಕ್ ಸಾಲುತ್ತಿಲ್ಲ

ಈ ದೂರು ಇರುವವರು ದುಡ್ಡು ಬಿಚ್ಚುವ ಮೊದಲು ಇಷ್ಟು ಓದಿ.

ಮಡಿಕೇರಿಯಿಂದ ಸಂಪಾಜೆ ದಾಟಿ ಸುಳ್ಯ ತಲುಪುವಷ್ಟರಲ್ಲಿ ಕಾರು ಸುಮಾರು ಸಾವಿರ ಮೀಟರ್ ಇಳಿದಿರುತ್ತದೆ. ನಾಲ್ಕು ಜನ ಕೂತ ಸಣ್ಣ ಕಾರಿನ ತೂಕ 900 ಕೆಜಿ ಅಂತ ಇಟ್ಟುಕೊಂಡರೆ, ಆ ಇಳಿತದಲ್ಲಿ ಹೊರಬರುವ ಶಕ್ತಿ ಹೆಚ್ಚುಕಡಿಮೆ 9 ಮೆಗಾಜೂಲ್. ಬಚ್ಚಲ ಹಂಡೆಯಲ್ಲಿ 25 ಲೀಟರ್ ತಣ್ಣೀರು ಕುದಿಸಲು ಬೇಕಾಗುವಷ್ಟು ಶಾಖ ಅದು. ಗಾಳಿ, ಟೈರು, ಎಂಜಿನ್ ಒಂದಿಷ್ಟು ತಿನ್ನುತ್ತವೆ. ಉಳಿದದ್ದೆಲ್ಲ ಬ್ರೇಕಿಗೆ. ಅದರಲ್ಲೂ ಬಹುಪಾಲು ಮುಂದಿನ ಬ್ರೇಕಿಗೆ, ಏಕೆಂದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಇಂಥ ಕಾರುಗಳಲ್ಲಿ ಮುಂದಿನ ಚಕ್ರಗಳದ್ದೇ ಶೇ. 70ರ ಆಸುಪಾಸಿನ ಕೆಲಸ.

ಹಾಗಾಗಿ ಘಾಟಿಯಲ್ಲಿ ಬ್ರೇಕ್ ಸೋಲುತ್ತಿದ್ದರೆ ಮೊದಲು ಮುಂದಿನ ಪ್ಯಾಡ್ ದಪ್ಪ ನೋಡಿ. 3 ಮಿಲಿಮೀಟರಿಗೆ ಬಂದಿದ್ದರೆ ಬದಲಾಯಿಸಿ. ಆಮೇಲೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವ ಹೀರುತ್ತದೆ, ಕೊಡಗಿನಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ತೇವ ಕುಡಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4 ಆದರೆ 230 ಮತ್ತು 155. ಆಯಿಲ್ ಕುದಿದರೆ ಲೈನಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಾಯಿಸುವುದು ಹಿಂದೆ ಡಿಸ್ಕ್ ಹಾಕಿಸುವುದಕ್ಕಿಂತ ಎಷ್ಟೋ ಅಗ್ಗ. ಘಾಟಿಗೆ ಪ್ರಯೋಜನವೂ ಜಾಸ್ತಿ.

ಇನ್ನು ಡ್ರಮ್ ಬಿಚ್ಚಿಸಿ. ತೋಟದ ರಸ್ತೆಯ ಕೆಮ್ಮಣ್ಣು ಒಳಗೆ ಸೇರಿ ಅಡ್ಜಸ್ಟರ್ ಕಚ್ಚಿಕೊಂಡಿರುತ್ತದೆ. ಆಗ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ) ಡ್ರಮ್ಮಿನಿಂದ ದೂರ ನಿಂತು ಪೆಡಲ್ ಕೆಳಗೆ ಹೋಗುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿದಾಗ ಒಳಗೆ ಆಯಿಲ್ ಹರಿದಿದ್ದರೆ ಸಿಲಿಂಡರ್ ಹೋಗಿದೆ. ಲೈನರ್ ಆಯಿಲ್ ಕುಡಿದಿದ್ದರೆ ಎರಡೂ ಕಡೆ ಹೊಸದು ಹಾಕಬೇಕು, ಉಜ್ಜಿ ಉಪಯೋಗಿಸಲು ಬರುವುದಿಲ್ಲ. ಡ್ರಮ್ ಎಷ್ಟರವರೆಗೆ ಸವೆಯಬಹುದು ಅನ್ನುವ ಅಳತೆ ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತದೆ. ಇಷ್ಟು ಸರಿಮಾಡಿಸಿದ ಮೇಲೆ ಎಷ್ಟೋ ಜನರಿಗೆ ಡಿಸ್ಕಿನ ಆಸೆಯೇ ಹೋಗುತ್ತದೆ.

ಡಿಸ್ಕಿಗೆ ಇರುವ ಒಳ್ಳೆಯ ಗುಣ ಬೇರೆ. ಹೊಳೆ, ಗುಂಡಿ ದಾಟಿದಾಗ ಡ್ರಮ್ಮಿನೊಳಗೆ ನೀರು ಉಳಿಯುತ್ತದೆ, ಡಿಸ್ಕ್ ಎರಡು ಸುತ್ತು ತಿರುಗಿದರೆ ನೀರು ಕೊಡವಿಬಿಡುತ್ತದೆ. ಪ್ಯಾಡ್ ಬದಲಾಯಿಸುವುದು ಸುಲಭ. ಇದಕ್ಕಾಗಿ ಹಾಕಿಸಿದವರು ಮುಂದೆ ಓದಿ.

ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆ

ಎಲ್ಲಕ್ಕಿಂತ ಸಾಮಾನ್ಯ ದೂರು ಇದು. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಒಂದೇ: "ಏರ್ ತೆಗ್ದಿದೀನಿ ಸಾರ್, ಓಡಿಸ್ತಾ ಸರಿ ಹೋಗುತ್ತೆ." ಓಡಿಸುತ್ತಾ ಸರಿ ಹೋಗುವುದು ಪ್ಯಾಡಿನ ಹಿಡಿತ ಮಾತ್ರ. ಪೆಡಲಿನ ಎತ್ತರ ತಾನಾಗಿ ಸರಿ ಹೋಗುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಎಂಜಿನ್ ಆಫ್ ಮಾಡಿ, ಪೆಡಲನ್ನು ಒಮ್ಮೆ ಒತ್ತಿ ಎಷ್ಟು ಹೋಯಿತು ನೋಡಿ. ಕೂಡಲೇ ಇನ್ನೆರಡು ಸಲ ಒತ್ತಿ.

ಎರಡನೇ ಸಲಕ್ಕೆ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಪ್ಯಾಡ್ ಮತ್ತು ಡಿಸ್ಕ್ ನಡುವೆ ಅಂತರ ಜಾಸ್ತಿ ಇದೆ ಅಂತ ಅರ್ಥ. ಮೊದಲ ಒತ್ತು ಆ ಅಂತರ ತುಂಬುವುದರಲ್ಲೇ ಖರ್ಚಾಗುತ್ತದೆ. ಹ್ಯಾಂಡ್ ಬ್ರೇಕ್ ಲಿವರ್ ಇರುವ ಹಿಂದಿನ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ನಿನೊಳಗೆ ಒಂದು ಸ್ಕ್ರೂ ಇರುತ್ತದೆ. ಅದು ಪ್ಯಾಡ್ ಸವೆದಂತೆ ಪಿಸ್ಟನ್ನನ್ನು ಮುಂದೆ ತಂದು ನಿಲ್ಲಿಸಬೇಕು. ಜೋಡಿಸುವಾಗ ಪಿಸ್ಟನ್ ಪೂರ್ತಿ ಒಳಗೆ ಹೋಗಿದ್ದು, ಯಾರೂ ಅದನ್ನು ಹೊಂದಿಸದೆ ಬಿಟ್ಟಿದ್ದರೆ ಅಂತರ ಉಳಿದುಬಿಡುತ್ತದೆ. ಹ್ಯಾಂಡ್ ಬ್ರೇಕ್ ಕೇಬಲನ್ನು ಸಡಿಲ ಮಾಡಿ, ಪೆಡಲನ್ನು ಹಲವು ಸಲ ಒತ್ತಿ. ಆಮೇಲೆ ಕ್ಯಾಲಿಪರಿನ ಲಿವರನ್ನು ಕೈಯಲ್ಲೇ ಹತ್ತಾರು ಸಲ ಆಡಿಸಿ. ಕೆಲವು ಕ್ಯಾಲಿಪರ್ ಪೆಡಲಿಗೆ ಹೊಂದಿಕೊಳ್ಳುತ್ತವೆ, ಕೆಲವು ಲಿವರಿಗೆ. ಎರಡನ್ನೂ ಮಾಡಿದರೆ ನಷ್ಟವಿಲ್ಲ. ಕೇಬಲನ್ನು ಮತ್ತೆ ಬಿಗಿ ಮಾಡುವುದು ಇದಾದ ಮೇಲೆ.

ಎಷ್ಟು ಸಲ ಒತ್ತಿದರೂ ಪೆಡಲ್ ಸ್ಪಂಜಿನಂತೆ ಮೆತ್ತಗೇ ಇದ್ದರೆ ಒಳಗೆ ಏರ್ ಇದೆ. ಇಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡಿ. ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿ ಇದೆಯೇ? ಬ್ರಾಕೆಟ್ ಕೂರಿಸುವಾಗ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹೋದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ನಿಪ್ಪಲಿನಿಂದ ಬರೀ ಆಯಿಲ್ ಬರುತ್ತದೆ. ಲೀಟರ್‌ಗಟ್ಟಲೆ ಆಯಿಲ್ ಸುರಿದರೂ ಆ ಗಾಳಿ ಹೋಗುವುದಿಲ್ಲ. ಬ್ರಾಕೆಟನ್ನು ಓರೆಯಾಗಿ ಕೊರೆದಿದ್ದರೂ ಇದೇ ತೊಂದರೆ. ಕ್ಯಾಲಿಪರನ್ನು ಬ್ರಾಕೆಟಿನಿಂದ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಸಿಕ್ಕಿಸಿ, ನಿಪ್ಪಲ್ ಮೇಲೆ ಬರುವಂತೆ ಹಿಡಿದು ಏರ್ ತೆಗೆದು ನೋಡಿ. ಪೆಡಲ್ ಗಟ್ಟಿಯಾದರೆ ಕಾರಣ ಸಿಕ್ಕಿತು. ಆದರೆ ಪ್ರತಿ ಸಲ ಹೀಗೇ ಬಿಚ್ಚಿ ಮಾಡುವುದು ಪರಿಹಾರ ಅಲ್ಲ, ಕ್ಯಾಲಿಪರನ್ನು ಸರಿಯಾದ ಕಡೆಗೆ ಹಾಕಿಸಬೇಕು.

ಕಾಲನ್ನು ಪೆಡಲ್ ಮೇಲೆ ಒಂದೇ ಸಮ ಇಟ್ಟು ಅರ್ಧ ನಿಮಿಷ ಕಾದಾಗ ಅದು ನಿಧಾನವಾಗಿ ಇಳಿಯುತ್ತಾ ಹೋದರೆ ವಿಷಯ ಬೇರೆ. ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಷರ್ ಹೋಗಿದೆ. ಕ್ಯಾಲಿಪರಿಗೆ ಹೋಸ್ ಸೇರುವ ಜಾಗದ ತಾಮ್ರದ ವಾಷರ್ ನೋಡಿ. ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು, ಹಳೆಯದನ್ನೇ ಹಾಕಿದ್ದರೆ ಅಲ್ಲೇ ಒಸರುತ್ತದೆ. ಹೊರಗೆಲ್ಲೂ ಒದ್ದೆ ಇಲ್ಲ ಅಂದರೆ ಮಾಸ್ಟರ್ ಸಿಲಿಂಡರ್ ಕಡೆ ಬನ್ನಿ. ಹಳೆಯ ಕಾರಿನಲ್ಲಿ ಏರ್ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿದರೆ ವಾಷರ್ ಯಾವತ್ತೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಹೊಸ ಡಿಸ್ಕ್ ಹಾಕಿದ ದಿನವೇ ಹಳೆಯ ಮಾಸ್ಟರ್ ಸಿಲಿಂಡರ್ ಕೈಕೊಡುವುದು ಹೀಗೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟು ಅರ್ಧದವರೆಗೆ ಮಾತ್ರ ತುಳಿಯಬೇಕು.

ಇಷ್ಟಾದರೂ ಗೊತ್ತಾಗದಿದ್ದರೆ ಗ್ಯಾರೇಜಿನವರ ಹತ್ತಿರ ರಬ್ಬರ್ ಹೋಸ್ ಒತ್ತಿ ಹಿಡಿಯುವ ಕ್ಲ್ಯಾಂಪ್ ಇರುತ್ತದೆ. ಹಿಂದಿನ ಒಂದೊಂದೇ ಹೋಸ್ ಒತ್ತಿ ಹಿಡಿದು ಪೆಡಲ್ ನೋಡಿದರೆ ಯಾವ ಚಕ್ರ ಒತ್ತಡ ತಿನ್ನುತ್ತಿದೆ ಅಂತ ಗೊತ್ತಾಗುತ್ತದೆ. ಇಕ್ಕಳ ಹಾಕಿ ಹಿಡಿಯಬೇಡಿ. ಬಿರುಕು ಬಿಟ್ಟ ಹೋಸಿಗೆ ಈ ಪರೀಕ್ಷೆಯೇ ಬೇಡ, ಬದಲಾಯಿಸಿ.

ಪೆಡಲ್ ನೆಲ ಮುಟ್ಟುತ್ತಿದ್ದರೆ, ಅಥವಾ ಆಯಿಲ್ ಡಬ್ಬದಲ್ಲಿ ಮಟ್ಟ ಇಳಿಯುತ್ತಿದ್ದರೆ, ಕಾರು ಶೆಡ್ ಬಿಟ್ಟು ಹೊರಡಬಾರದು. "ಗೋಣಿಕೊಪ್ಪದವರೆಗೆ ತಾನೇ, ನಿಧಾನಕ್ಕೆ ಹೋಗ್ತೀನಿ" ಅನ್ನಬೇಡಿ. ಮೆಕ್ಯಾನಿಕನ್ನೇ ಮನೆಗೆ ಕರೆಸಿ, ಇಲ್ಲ ಕಾರನ್ನು ಗಾಡಿಗೆ ಏರಿಸಿ ಕಳಿಸಿ.

ಹಿಂದಿನ ಚಕ್ರ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ

ಮೊದಲ ಗುರುತು ಮೈಲೇಜ್ ಇಳಿಯುವುದು. ಅದಾದ ಮೇಲೆ ನ್ಯೂಟ್ರಲ್‌ನಲ್ಲಿ ಕಾರು ತಳ್ಳಿದರೆ ಬಿಗಿ ಅನ್ನಿಸುವುದು. ವಾಸನೆ ಬರುವಷ್ಟರಲ್ಲಿ ಪ್ಯಾಡ್ ಅರ್ಧ ಹೋಗಿರುತ್ತದೆ. ಬಿಸಿ ಡಿಸ್ಕನ್ನು ಮುಟ್ಟಿ ನೋಡಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಕೈಯನ್ನು ಚಕ್ರದ ಹತ್ತಿರ ಹಿಡಿದರೆ ಸಾಕು, ಎಡ ಬಲದ ವ್ಯತ್ಯಾಸ ತಿಳಿಯುತ್ತದೆ. ಡಿಸ್ಕ್ ಕೆಂಪಗೆ ಕಾದಿದ್ದರೆ ನೀರು ಹಾಕಬೇಡಿ, ಬಿರುಕು ಬಿಡುತ್ತದೆ.

ತಣಿದ ಮೇಲೆ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತುಸು ಸವರಿಕೊಂಡು ತಿರುಗುವುದು ಡಿಸ್ಕಿಗೆ ಸಹಜ. ಎರಡು ಕೈ ಬೇಕಾದರೆ ಸಹಜವಲ್ಲ. ಮೊದಲು ಹ್ಯಾಂಡ್ ಬ್ರೇಕ್ ಕೇಬಲನ್ನು ಕ್ಯಾಲಿಪರ್ ಲಿವರಿನಿಂದ ಬಿಡಿಸಿ. ಚಕ್ರ ಸಡಿಲವಾಯಿತೇ? ಹಾಗಾದರೆ ಕೇಬಲ್ ಬಿಗಿಯಾಗಿತ್ತು, ಅಥವಾ ಕೇಬಲಿನ ಕವರಿನೊಳಗೆ ನೀರು ಇಳಿದು ತುಕ್ಕು ಹಿಡಿದಿದೆ. ಕಕ್ಕಡದ ಮಳೆಯಲ್ಲಿ ಓಡಾಡಿದ ಕಾರಿನಲ್ಲಿ ಇದನ್ನೇ ಮೊದಲು ನೋಡುವುದು ಒಳ್ಳೆಯದು.

ಸಡಿಲವಾಗದಿದ್ದರೆ ನಿಪ್ಪಲಿಗೆ ಪೈಪ್ ಹಾಕಿ, ಅದರ ತುದಿ ಬಾಟಲಿಯೊಳಗಿಟ್ಟು, ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು, ಯಾಕೆಂದರೆ ಒಂದೇ ಏಟಿಗೆ ಅರ್ಧ ಕಾರಣಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಲೈನಿನಲ್ಲಿ ಒತ್ತಡ ಉಳಿದಿತ್ತು. ಆಯಿಲ್ ಸುಮ್ನೆ ಜಿನುಗಿ ಚಕ್ರ ಬಿಗಿಯಾಗಿಯೇ ಉಳಿದರೆ ದೋಷ ಕ್ಯಾಲಿಪರಿನಲ್ಲಿ. ಪಿಸ್ಟನ್ ಕಚ್ಚಿಕೊಂಡಿದೆ, ಇಲ್ಲ ಕ್ಯಾಲಿಪರ್ ಸರಿದಾಡುವ ಪಿನ್ ಒಣಗಿದೆ. ಗುಜರಿಯಿಂದ ತಂದ ಕ್ಯಾಲಿಪರ್‌ಗಳಲ್ಲಿ ಪಿನ್ನಿನ ರಬ್ಬರ್ ಹರಿದಿರುವುದು ಮಾಮೂಲಿ. ಪಿನ್ನಿಗೆ ಬ್ರೇಕಿನ ಸಿಲಿಕೋನ್ ಗ್ರೀಸ್ ಹಾಕಬೇಕು. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಒಳಗಿನ ಪ್ಯಾಡ್ ಸವೆದು ಹೊರಗಿನದು ಹೊಸದರಂತೆ ಇದ್ದರೆ ಪಿನ್ನೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.

ಒತ್ತಡ ಉಳಿದಿತ್ತು ಅಂತಾದರೆ ಹಿಂದಕ್ಕೆ ಹುಡುಕುತ್ತಾ ಹೋಗಿ. ಒಂದೇ ಚಕ್ರದಲ್ಲಿ ಹೀಗಾದರೆ ಆ ಚಕ್ರದ ರಬ್ಬರ್ ಹೋಸ್ ಒಳಗಡೆ ಉಬ್ಬಿ ಮುಚ್ಚಿಕೊಂಡಿರಬಹುದು. ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತದೆ. ಎರಡೂ ಹಿಂದಿನ ಚಕ್ರಗಳಲ್ಲಿ ಆದರೆ ಮಾಸ್ಟರ್ ಸಿಲಿಂಡರ್ ನೋಡಿ. ಕೆಲವು ಹಳೆಯ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಡ್ರಮ್ ಲೈನಿಗೆ ಸ್ವಲ್ಪ ಒತ್ತಡ ಯಾವಾಗಲೂ ಉಳಿಸುವ ಚಿಕ್ಕ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಎಳೆಯುವ ಸ್ಪ್ರಿಂಗುಗಳಿವೆ, ಆ ಒತ್ತಡ ಅವಕ್ಕೆ ಲೆಕ್ಕಕ್ಕಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡ್ ಒತ್ತಿಕೊಂಡೇ ಇರುತ್ತದೆ. ಎಲ್ಲ ಕಾರಿನಲ್ಲೂ ಈ ವಾಲ್ವ್ ಇರುವುದಿಲ್ಲ, ಈಚಿನವುಗಳಲ್ಲಿ ಅಪರೂಪ. ನಾಲ್ಕೂ ಚಕ್ರ ಹಿಡಿದುಕೊಂಡರೆ ಪೆಡಲಿನ ಆಟ ನೋಡಿ. ಎಂಜಿನ್ ಆಫ್ ಮಾಡಿ, ಬೂಸ್ಟರಿನಲ್ಲಿ (ಪೆಡಲ್ ಒತ್ತುವುದನ್ನು ಹಗುರ ಮಾಡುವ ಭಾಗ) ಉಳಿದ ವ್ಯಾಕ್ಯೂಮ್ ಮುಗಿಯುವಷ್ಟು ಸಲ ಪೆಡಲ್ ಒತ್ತಿ, ಆಮೇಲೆ ಬೆರಳಲ್ಲಿ ಒತ್ತಿದರೆ ಕೆಲವು ಮಿಲಿಮೀಟರ್ ಸಡಿಲ ಸಿಗಬೇಕು. ಸಿಗದಿದ್ದರೆ ರಾಡ್ ಉದ್ದವಾಗಿದೆ, ಆಯಿಲ್ ವಾಪಸ್ ಬರಲು ದಾರಿ ಇಲ್ಲ. ಮಾಸ್ಟರ್ ಸಿಲಿಂಡರ್ ಬಿಚ್ಚುವ ಕೆಲಸ ಅಂಗಳದಲ್ಲಿ ಬೇಡ, ತಿಳಿದವರಿಗೆ ಬಿಡಿ.

ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ

ಮಡಿಕೇರಿ ಪೇಟೆಯಲ್ಲಿ ಕಾರು ನಿಲ್ಲಿಸುವವರಿಗೆ ಇದರ ಬೆಲೆ ಗೊತ್ತು. ಡ್ರಮ್ಮಿನ ಶೂಗೆ ಒಂದು ಗುಣವಿದೆ. ಚಕ್ರ ತಿರುಗಲು ಹೊರಟರೆ ಅದೇ ಶೂವನ್ನು ಡ್ರಮ್ಮಿಗೆ ಇನ್ನಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಕಡಿಮೆ ಬಲಕ್ಕೆ ಜಾಸ್ತಿ ಹಿಡಿತ. ಡಿಸ್ಕಿಗೆ ಆ ಗುಣವಿಲ್ಲ, ನೀವು ಎಳೆದಷ್ಟೇ ಹಿಡಿತ. ಡಿಸ್ಕ್ ಹಾಕಿದ ಮೇಲೆ ಹ್ಯಾಂಡ್ ಬ್ರೇಕ್ ಮೊದಲಿಗಿಂತ ಸ್ವಲ್ಪ ಕಮ್ಮಿ ಅನ್ನಿಸುವುದು ಇದಕ್ಕೇ.

ಲಿವರ್ ಎಳೆದಾಗ ಒಬ್ಬರು ಕೆಳಗೆ ಬಗ್ಗಿ ಕ್ಯಾಲಿಪರ್ ಲಿವರ್ ನೋಡಲಿ. ಅದು ಚಲಿಸುತ್ತಲೇ ಇಲ್ಲ ಅಂದರೆ ಕೇಬಲ್ ಉದ್ದ ಹೊಂದಿಲ್ಲ, ಎಳೆತವೆಲ್ಲ ಸಡಿಲದಲ್ಲೇ ಮುಗಿಯುತ್ತಿದೆ. ಒಂದು ಕಡೆ ಮಾತ್ರ ಚಲಿಸಿದರೆ ಇನ್ನೊಂದು ಕಡೆಯ ಕೇಬಲ್ ಕಚ್ಚಿದೆ. ಎರಡೂ ಪೂರ್ತಿ ಚಲಿಸಿಯೂ ಹಿಡಿತ ಇಲ್ಲ ಅಂದರೆ ಪಿಸ್ಟನ್ನಿನೊಳಗಿನ ಸ್ಕ್ರೂ ಹೊಂದಿಕೊಂಡಿಲ್ಲ ಅಥವಾ ಮುರಿದಿದೆ. ಈ ತರದ ಪಿಸ್ಟನ್ನನ್ನು ಒಳಗೆ ಕಳಿಸುವಾಗ ತಿರುಗಿಸುತ್ತಾ ಒತ್ತಬೇಕು, ಅದಕ್ಕೊಂದು ಟೂಲ್ ಇದೆ. ಮುಂದಿನ ಕ್ಯಾಲಿಪರಿನಂತೆ ಕ್ಲ್ಯಾಂಪ್ ಹಾಕಿ ನೇರ ಒತ್ತಿದರೆ ಒಳಗಿನ ಸ್ಕ್ರೂ ಹಾಳು. ಕೆಲವು ಕಾರುಗಳಲ್ಲಿ ಎಡ ಬಲ ತಿರುಗಿಸುವ ದಿಕ್ಕೂ ಬೇರೆ. ಪಿಸ್ಟನ್ ಮುಖದ ಮೇಲಿನ ಕಚ್ಚಿನೊಳಗೆ ಪ್ಯಾಡ್ ಹಿಂದಿನ ಮೊಳೆ ಕೂರಬೇಕಾದ ಮಾದರಿಗಳಲ್ಲಿ ಅದು ಕೂತಿದೆಯೇ ನೋಡಿ. ಕೂರದಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ.

ಇನ್ನೊಂದು ಅಪಾಯ ಯಾರೂ ಮೊದಲೇ ಹೇಳುವುದಿಲ್ಲ. ಘಾಟಿ ಇಳಿದು ಡಿಸ್ಕ್ ಬಿಸಿ ಇದ್ದಾಗ ಹ್ಯಾಂಡ್ ಬ್ರೇಕ್ ಎಳೆದು ಕಾಫಿ ಕುಡಿಯಲು ಹೋಗುತ್ತೀರಿ. ಆಗ ಕಾರು ನಿಂತಿರುತ್ತದೆ. ಡಿಸ್ಕ್ ತಣಿದು ಕುಗ್ಗುತ್ತಾ ಬಂದಂತೆ ಹಿಡಿತ ಸಡಿಲವಾಗಿ ಕಾರು ತಾನಾಗಿ ಉರುಳಬಹುದು. ಗೇರಿನಲ್ಲಿ ಇಡಿ, ಮುಂದಿನ ಚಕ್ರವನ್ನು ಬರೆಯ (ರಸ್ತೆ ಬದಿಯ ಮಣ್ಣಿನ ಗೋಡೆಯ) ಕಡೆ ತಿರುಗಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಕಲ್ಲು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ, ರಾತ್ರಿ ಬರುವ ಬೈಕಿನವರಿಗೆ ಅದೇ ಯಮ.

ಮನೆಯ ಹತ್ತಿರದ ಏರುದಾರಿಯಲ್ಲಿ, ಕೆಳಗೆ ಯಾರೂ ಇಲ್ಲದಾಗ, ಡ್ರೈವರ್ ಸೀಟಿನಲ್ಲಿ ಕೂತೇ ಪರೀಕ್ಷೆ ಮಾಡಿ. ಎರಡೂ ದಿಕ್ಕಿನಲ್ಲಿ, ಅಂದರೆ ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ.

ಜೋರಾಗಿ ಬ್ರೇಕ್ ಹಾಕಿದರೆ ಹಿಂಭಾಗ ಜಾರುತ್ತದೆ

ಇಲ್ಲಿ ಪ್ರಯೋಗ ಮುಂದುವರಿಸಬೇಡಿ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ನೇರ ಜಾರುತ್ತದೆ, ಕಾಲು ಎತ್ತಿದರೆ ಸ್ಟಿಯರಿಂಗ್ ಮತ್ತೆ ಸಿಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಬಾಲ ಮುಂದಕ್ಕೆ ಬರುತ್ತದೆ, ಕಾರು ಗಿರ್ರನೆ ತಿರುಗಿಬಿಡುತ್ತದೆ. ಮಾಕುಟ್ಟ ಘಾಟಿ ರಸ್ತೆಯ ತಿರುವಿನಲ್ಲಿ, ಒದ್ದೆ ಎಲೆಗಳ ಮೇಲೆ ಹೀಗಾದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಕಾರಣ ಸಾಮಾನ್ಯವಾಗಿ ಕ್ಯಾಲಿಪರಿನ ಗಾತ್ರ. ದೊಡ್ಡ ಕಾರಿನಿಂದ ತಂದ ಕ್ಯಾಲಿಪರಿನ ಪಿಸ್ಟನ್ ದೊಡ್ಡದು. ವ್ಯಾಸ 30 ಮಿಲಿಮೀಟರ್ ಇದ್ದದ್ದು 36 ಆದರೆ ಒತ್ತುವ ಬಲ ಶೇ. 44 ಜಾಸ್ತಿ. ಹಗುರವಾದ ಹಿಂಭಾಗಕ್ಕೆ ಅಷ್ಟು ಬ್ರೇಕ್ ಬೇಡ. ಹಿಂದಿನ ಒತ್ತಡ ಕಡಿಮೆ ಮಾಡುವ ವಾಲ್ವ್ ಎಲ್ಲಿದೆ ಹುಡುಕಿ. ಕೆಲವು ಗಾಡಿಗಳಲ್ಲಿ ಅದು ಹಿಂದಿನ ಆಕ್ಸಲಿಗೆ ಸ್ಪ್ರಿಂಗಿನಿಂದ ಸೇರಿ, ಹೊರೆ ನೋಡಿಕೊಂಡು ಒತ್ತಡ ಬಿಡುತ್ತದೆ. ಡಿಸ್ಕ್ ಕೂರಿಸುವಾಗ ಆ ಸ್ಪ್ರಿಂಗ್ ಕಳಚಿದ್ದು, ಕಡ್ಡಿ ಬಗ್ಗಿದ್ದು, ವಾಲ್ವನ್ನೇ ಕಿತ್ತು ನೇರ ಪೈಪ್ ಹಾಕಿದ್ದು ಇರಬಹುದು. ಕಾಫಿ ಮೂಟೆ ಹೇರಿದಾಗ ಎಲ್ಲ ಸರಿ, ಖಾಲಿ ಕಾರಿನಲ್ಲಿ ಮಾತ್ರ ಜಾರುತ್ತದೆ ಅಂದರೆ ಅನುಮಾನ ಇಲ್ಲಿಗೇ ಬರಬೇಕು.

ಸರಿಪಡಿಸುವ ದಾರಿ: ಚಿಕ್ಕ ಪಿಸ್ಟನ್ನಿನ ಕ್ಯಾಲಿಪರ್, ಇಲ್ಲವೇ ಹಿಂದಿನ ಲೈನಿಗೆ ತಿರುಗಿಸಿ ಹೊಂದಿಸುವ ವಾಲ್ವ್. ಆ ವಾಲ್ವ್ ಹಾಕುವಾಗ ಒಂದು ದೊಡ್ಡ ತಪ್ಪಾಗುತ್ತದೆ. ಮುಂದಿನ ಚಕ್ರ ಎಳೆಯುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಬ್ರೇಕ್ ಲೈನ್ ಎರಡು ಭಾಗವಾಗಿ, ಅಡ್ಡಡ್ಡ ಹೋಗಿರುತ್ತದೆ. ಮುಂದಿನ ಎಡ ಮತ್ತು ಹಿಂದಿನ ಬಲ ಒಂದು ಲೈನ್, ಉಳಿದೆರಡು ಇನ್ನೊಂದು. ಒಂದು ಸೋರಿದರೂ ಇನ್ನೊಂದು ಉಳಿಯಲಿ ಅಂತ. ದುಡ್ಡು ಉಳಿಸಲು ಹಿಂದಿನ ಎರಡೂ ಪೈಪ್ ಸೇರಿಸಿ ಒಂದೇ ವಾಲ್ವ್ ಹಾಕಿದರೆ ಆ ರಕ್ಷಣೆ ಹೋಯಿತು. ಎಲ್ಲೋ ಒಂದು ಹೋಸ್ ಹರಿದರೆ ನಾಲ್ಕೂ ಬ್ರೇಕ್ ಇಲ್ಲ. ಕಾರಿನ ಕೆಳಗೆ ಬಗ್ಗಿ, ಹಿಂದಿನ ಎರಡು ಪೈಪ್ ಎಲ್ಲಾದರೂ ಹೊಸದಾಗಿ ಒಂದಾಗಿವೆಯೇ ನೋಡಿ. ಒಂದಾಗಿದ್ದರೆ ಬಿಚ್ಚಿಸಿ, ಎರಡು ಲೈನಿಗೂ ಬೇರೆ ಬೇರೆ ವಾಲ್ವ್ ಹಾಕಿಸಿ.

ಸರಿಪಡಿಸಿದ್ದನ್ನು ಪರೀಕ್ಷಿಸಲು ನೇರವಾದ, ಸಮತಟ್ಟಾದ, ಖಾಲಿ ಜಾಗ ಬೇಕು. ನಮ್ಮಲ್ಲಿ ಅದೇ ಕಷ್ಟ, ಕುಶಾಲನಗರದ ಕಡೆ ಇಳಿದರೆ ಸಿಗಬಹುದು. 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿ, ದೂರ ನಿಂತ ಒಬ್ಬರು ಯಾವ ಚಕ್ರ ಮೊದಲು ನಿಂತಿತು ನೋಡಲಿ. ಮುಂದಿನದೇ ಮೊದಲು ನಿಲ್ಲಬೇಕು. ಒಣ ನೆಲದಲ್ಲಿ ಸರಿ ಬಂದ ಮೇಲೆ ಒದ್ದೆ ನೆಲದಲ್ಲೂ ನೋಡಿ, ಖಾಲಿ ಕಾರಿನಲ್ಲಿ.

ಪೆಡಲ್ ಗಟ್ಟಿ ಇದೆ, ಕಾರು ನಿಲ್ಲುವುದಿಲ್ಲ

ಎಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಇಳಿಯದಿದ್ದರೆ ಎಂಜಿನ್ನಿನಿಂದ ಬೂಸ್ಟರಿಗೆ ಬರುವ ಹೋಸ್ ಬಿರುಕು ಬಿಟ್ಟಿದೆಯೇ ನೋಡಿ. ಬೂಸ್ಟರ್ ಸರಿ ಇದ್ದರೆ ಪ್ಯಾಡ್ ಇನ್ನೂ ಡಿಸ್ಕಿಗೆ ಹೊಂದಿಕೊಂಡಿಲ್ಲ, ಅಥವಾ ಪ್ಯಾಡಿಗೆ ಗ್ರೀಸ್ ತಾಗಿದೆ. ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ನಿಧಾನಿಸುತ್ತಾ, ನಡುವೆ ತಣಿಯಲು ಬಿಡುತ್ತಾ ಪಳಗಿಸಬೇಕು. ಗ್ರೀಸ್ ತಾಗಿದ ಪ್ಯಾಡ್ ಎಸೆಯಬೇಕು.

ಬ್ರೇಕ್ ಹಾಕಿದಾಗ ನಡುಕ

ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಸೀಟು, ಪೆಡಲ್ ನಡುಗಿದರೆ ಹಿಂದಿನದು ಅಂತ ಹಿಡಿಯಿರಿ. ಡಿಸ್ಕ್ ಕೂರುವ ಹಬ್ಬಿನ ಮೇಲೆ ತುಕ್ಕಿನ ಒಂದು ಚಕ್ಕೆ ಉಳಿದರೂ ಡಿಸ್ಕ್ ಓಲಾಡುತ್ತದೆ. ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಕೂರಿಸಿ. ವೀಲ್ ನಟ್‌ಗಳನ್ನು ಎದುರು ಬದುರಾಗಿ, ಒಂದೇ ಬಿಗಿಯಲ್ಲಿ ಬಿಗಿಯಿರಿ. ಆಗಲೂ ಹೋಗದಿದ್ದರೆ ಡಯಲ್ ಗೇಜ್ ಇಟ್ಟು ಅಳೆಸಿ. ಓಲಾಟ 0.1 ಮಿಲಿಮೀಟರ್ ದಾಟಿದರೆ ಡಿಸ್ಕ್, ಹಬ್, ಬೇರಿಂಗ್ ಮೂರರಲ್ಲಿ ಒಂದು ಸರಿ ಇಲ್ಲ.

ಸದ್ದು

ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಗರಗರ ಅಂದರೆ ಅದು ರಾತ್ರಿ ಹಿಡಿದ ತುಕ್ಕು, ಉಜ್ಜಿ ಹೋಗುತ್ತದೆ. ತೋಟದ ರಸ್ತೆಯಿಂದ ಬಂದ ಮೇಲೆ ಕಿರ್ರೋ ಅಂತ ಲೋಹ ಕೆರೆದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿದೆ. ಸ್ವಲ್ಪ ರಿವರ್ಸ್ ಹೋದರೆ ಹೆಚ್ಚಾಗಿ ಬಿದ್ದುಹೋಗುತ್ತದೆ.

ಚಕ್ರದ ಪ್ರತಿ ಸುತ್ತಿಗೂ ಟಕ್ ಟಕ್ ಅಂತ ಕೇಳಿದರೆ ನಿಲ್ಲಿಸಿ. ಮಾರುತಿ 800, ಆಲ್ಟೊಗಳದ್ದು 12 ಇಂಚಿನ ಚಕ್ರ. ಬೇರೆ ಕಾರಿನ ಕ್ಯಾಲಿಪರ್ ಅದರೊಳಗೆ ಕೂದಲೆಳೆ ಅಂತರದಲ್ಲಿ ಕೂತಿರುತ್ತದೆ, ತಿರುವಿನಲ್ಲಿ ರಿಮ್ಮಿಗೆ ತಾಗುತ್ತದೆ. ಕ್ಯಾಲಿಪರಿನ ಮೈಮೇಲೆ ಹೊಳೆಯುವ ಗೀರು ಇದ್ದರೆ ಅದೇ ಸಾಕ್ಷಿ. ಅದನ್ನು ಗ್ರೈಂಡರಿನಲ್ಲಿ ಉಜ್ಜಿ ಸಣ್ಣದು ಮಾಡಲು ಬಿಡಬೇಡಿ. ಹಾಗೆಯೇ ಬ್ರಾಕೆಟ್ ನೋಡಿ. ಬೋಲ್ಟ್ ಸಡಿಲ, ಬಿರುಕು, ಆಕ್ಸಲಿಗೆ ವೆಲ್ಡಿಂಗ್ ಮಾಡಿದ ಗುರುತು ಇವುಗಳಲ್ಲಿ ಯಾವುದು ಕಂಡರೂ ಆ ಕಾರನ್ನು ಓಡಿಸಬೇಡಿ.

ದಾರಿಯಲ್ಲೇ ಬ್ರೇಕ್ ಹೋದರೆ

ಪೆಡಲನ್ನು ಬೇಗ ಬೇಗ ಒತ್ತಿ ಬಿಡಿ, ಸ್ವಲ್ಪ ಒತ್ತಡ ವಾಪಸ್ ಬರಬಹುದು. ಒಂದೊಂದೇ ಗೇರ್ ಇಳಿಸಿ. ಎಂಜಿನ್ ಆಫ್ ಮಾಡಬೇಡಿ, ನ್ಯೂಟ್ರಲ್ ಮಾಡಬೇಡಿ. ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ಲಿವರನ್ನು ನಿಧಾನವಾಗಿ ಎಳೆಯಿರಿ, ಒಂದೇ ಸಲ ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಹಾರ್ನ್, ಲೈಟ್ ಹಾಕಿ. ಬೇರೆ ದಾರಿಯೇ ಇಲ್ಲದಿದ್ದರೆ ಬರೆಯ ಕಡೆಗೆ ಸವರಿ ನಿಲ್ಲಿಸಿ, ಕಣಿವೆಯ ಕಡೆ ಹೋಗಬೇಡಿ. ನಿಂತ ಮೇಲೆ ಅರ್ಧ ಗಂಟೆ ತಣಿದು ಪೆಡಲ್ ಮತ್ತೆ ಗಟ್ಟಿಯಾದರೂ ಅದೇ ಕಾರಿನಲ್ಲಿ ಮುಂದೆ ಇಳಿಯಬೇಡಿ. ಆಯಿಲ್ ಒಮ್ಮೆ ಕುದಿದಿದ್ದರೆ ಮತ್ತೆ ಕುದಿಯುತ್ತದೆ.

ಕಾಗದಪತ್ರದ ವಿಷಯ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಗಾಡಿಯನ್ನು ತೋರಿಸಬೇಕು. ನಮ್ಮ ಕೆಎ-12 ಕಾರುಗಳಲ್ಲಿ ಈ ಕೆಲಸ ಮಾಡಿಸುವವರಲ್ಲಿ ಹೆಚ್ಚಿನವರು ಆ ವಯಸ್ಸು ದಾಟಿದ ಗಾಡಿಯವರೇ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೊನೆಗೆ, ಒಂದು ಹಾಳೆಯಲ್ಲಿ ಕ್ಯಾಲಿಪರ್ ಯಾವ ಕಾರಿನದು, ಪ್ಯಾಡಿನ ಪಾರ್ಟ್ ನಂಬರ್ ಏನು, ಡಿಸ್ಕಿನ ಅಳತೆ ಎಷ್ಟು, ಪಿಸ್ಟನ್ ಯಾವ ಕಡೆಗೆ ತಿರುಗಿಸಬೇಕು, ಯಾವ ಆಯಿಲ್ ಹಾಕಿದೆ, ಯಾವ ತಿಂಗಳು ಹಾಕಿದ್ದು ಅಂತ ಬರೆದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಡಿ. ಮುಂದಿನ ಮೆಕ್ಯಾನಿಕ್ ಕಾರಿನ ಹೆಸರು ನೋಡಿ ಬ್ರೇಕ್ ಶೂ ತರಿಸಿಬಿಡುತ್ತಾನೆ, ಆಮೇಲೆ ಮೈಸೂರಿನಿಂದ ಪ್ಯಾಡ್ ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆ.